ತಮ್ಮನಿಗೆ ನಾನು ಗಾರ್ಡಿಯನ್ ಆಗುವ ಹಾಗಿಲ್ಲ

ಮೊನ್ನೆ ಅಮೆರಿಕದ ಕನ್ನಡಿಗರ ಈ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದರು. ಮಗನಿಗೆ ಆರು ವರ್ಷ, ಬೌದ್ಧಿಕ ಬೆಳವಣಿಗೆ ನಿಧಾನ ಅಂತ ಡಾಕ್ಟರ್ ಹೇಳಿದ್ದಾರೆ. ಇಲ್ಲೇ ಇರಬೇಕಾ, ವಿಜಯಪುರಕ್ಕೆ ವಾಪಸ್ ಹೋಗಬೇಕಾ? ಉತ್ತರಗಳ ಸುರಿಮಳೆ ಆಯಿತು. ಅರ್ಧ ಜನ "ಅಮೆರಿಕದಂಥ ಸೌಲಭ್ಯ ಎಲ್ಲೂ ಇಲ್ಲ" ಎಂದರು. ಉಳಿದವರು "ಊರಲ್ಲಿ ಅಜ್ಜ ಅಜ್ಜಿ ಇರ್ತಾರೆ, ಅದಕ್ಕಿಂತ ಥೆರಪಿ ಬೇಕಾ" ಎಂದರು. ಎರಡನ್ನೂ ಒಂದು ಕಾಲದಲ್ಲಿ ನಾನೂ ಹೇಳಿದವನೇ.

ನನ್ನ ತಮ್ಮನಿಗೆ 36 ವರ್ಷ. ಡೌನ್ ಸಿಂಡ್ರೋಮ್. ವಿಜಯಪುರದಲ್ಲಿ ಅಮ್ಮನ ಜೊತೆ ಇದ್ದಾನೆ. ಹಾಲಿನ ಲೆಕ್ಕ ಅವನದು. ಲೀಟರಿಗೊಂದು ಗೆರೆ, ಅಡುಗೆಮನೆ ಬಾಗಿಲ ಹಿಂದೆ, ಸೀಮೆಸುಣ್ಣದಲ್ಲಿ. ತಿಂಗಳ ಕೊನೆಗೆ ಹಾಲಿನವನು ಒಂದು ಲೀಟರ್ ಜಾಸ್ತಿ ಹೇಳಿದರೆ ಕೈ ಹಿಡಿದು ಕರ್ಕೊಂಡು ಹೋಗಿ ಗೆರೆ ತೋರಿಸುತ್ತಾನೆ. ಅಪ್ಪ ಸರ್ಕಾರಿ ಶಾಲೆ ಮಾಸ್ತರರಾಗಿದ್ದರು, ಈಗಿಲ್ಲ. ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಅಮ್ಮನಿಗೂ ವಯಸ್ಸಾಯಿತು.

ಅವನ ಹೆಸರಲ್ಲಿ ಒಂದು ಖಾತೆ ತೆರೆಯೋಣ ಅಂತ ಅಮ್ಮ ಹೋದರೆ, ಒಂದು ಬ್ಯಾಂಕಿನವರು ಮೂರು ಸಲ ತಿರುಗಿಸಿದರು. ಮಗ ವಯಸ್ಕ, ಸಹಿ ಬರಲ್ಲ, ಗಾರ್ಡಿಯನ್ ಪತ್ರ ತನ್ನಿ ಅಂತ. "ನಾ ಅವನ ತಾಯಿ ಅದೀನಿ, ಮತ್ತ್ಯಾವ ಪತ್ರ?" ಎಂದು ಅಮ್ಮ ಫೋನಿನಲ್ಲಿ ನನ್ನ ಮೇಲೆ ಕೂಗಾಡಿದಳು. ಹದಿನೆಂಟು ದಾಟಿದ ಮೇಲೆ ಕಾನೂನಿನ ಕಣ್ಣಲ್ಲಿ ತಾಯಿ ತಂದೆ ತಾವಾಗಿಯೇ ಗಾರ್ಡಿಯನ್ ಅಲ್ಲ. ಇದು ನನಗೂ ಗೊತ್ತಿರಲಿಲ್ಲ.

ಇದಕ್ಕೆ ದಾರಿ ಇರುವುದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ, ಎಲ್ಲರೂ ನ್ಯಾಷನಲ್ ಟ್ರಸ್ಟ್ ಅನ್ನುವುದು ಅದನ್ನೇ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಅದು ಅನ್ವಯ. ಗಾರ್ಡಿಯನ್ ನೇಮಿಸೋಕೆ ಜಿಲ್ಲೆಗೊಂದು ಸ್ಥಳೀಯ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬ ವ್ಯಕ್ತಿ. ಕೋರ್ಟಿಗೆ ಅಲೆಯಬೇಕಿಲ್ಲ. ಅಮ್ಮನಿಗಿಂತ ನಾನೇ ಗಾರ್ಡಿಯನ್ ಆಗುವುದು ವಾಸಿ, ಚಿಕ್ಕವನು, ಸಂಬಳ ಇದೆ ಅಂದುಕೊಂಡು ಅರ್ಜಿ ತುಂಬೋಕೆ ಕೂತೆ. ಅರ್ಹತೆಯ ಪಟ್ಟಿಯಲ್ಲಿ ಮೊದಲನೇ ಸಾಲು: ಭಾರತದ ಪ್ರಜೆಯಾಗಿರಬೇಕು. ನಾನು ಅಮೆರಿಕದ ಪಾಸ್‌ಪೋರ್ಟ್ ತಗೊಂಡು ನಾಲ್ಕು ವರ್ಷ ಆಗಿತ್ತು. ಓಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡೋದು, ಪೌರತ್ವ ಅಲ್ಲ) ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡವನು ನಾನೊಬ್ಬನೇ ಅಲ್ಲ, ಈ ಗುಂಪಿನಲ್ಲೇ ಎಷ್ಟು ಜನ ಇದ್ದೀರಿ ಹೇಳಿ. ಪೌರತ್ವದ ಪ್ರಮಾಣವಚನದ ಫೋಟೊ ಹಾಕಿದಾಗ ಎಲ್ಲರೂ ಲೈಕ್ ಒತ್ತಿದ್ದರು.

ಕೊನೆಗೆ ಬಾಗಲಕೋಟೆಯಲ್ಲಿರುವ ಅಕ್ಕ ಒಪ್ಪಿದಳು. ಅದಕ್ಕಾಗಿ ನಾನು ಜನವರಿಯಲ್ಲಿ ಊರಿಗೆ ಹೋದೆ. ಸಿದ್ಧೇಶ್ವರ ಜಾತ್ರೆ ಸಮಯ, ಊರ ತುಂಬ ಜನ.

ಅಲ್ಲಿ ನನಗೆ ಸಿಕ್ಕಿದ್ದು ಏಳೆಂಟು ತಾಯಂದಿರು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯವರು. ಗುಂಪಿಗೆ ಹೆಸರೂ ಇಲ್ಲ, ಲೆಟರ್‌ಹೆಡ್ಡೂ ಇಲ್ಲ. ಯಾರದೇ ಕೆಲಸ ಇದ್ದರೂ ಇಬ್ಬರು ಮೂವರು ಜೊತೆಗೆ ಹೋಗಬೇಕು, ಒಬ್ಬರೇ ಹೋಗಬಾರದು, ಇದೊಂದೇ ನಿಯಮ. ಇವರನ್ನು ಒಂದುಗೂಡಿಸಿದ್ದು ಒಂದು ಪಂಚಾಯಿತಿಯ ವಿ.ಆರ್.ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು ಎಂದು ಇವರಿಗೆ ಹೇಳಿಕೊಟ್ಟವಳೂ ಅವಳೇ. ಇವರಲ್ಲಿ ಒಬ್ಬ ತಾಯಿ ಗ್ರಾಮಸಭೆಯಲ್ಲಿ ಎದ್ದು ನಿಂತ ಕಥೆ ಕೇಳಬೇಕು. ಪಂಚಾಯಿತಿಯವರು ಆ ದುಡ್ಡಿನಲ್ಲಿ ತ್ರಿಚಕ್ರ ಸೈಕಲ್ ತರಿಸಿದ್ದರು. ಫೋಟೊಕ್ಕೆ ಚೆನ್ನಾಗಿರುತ್ತದೆ ಅಲ್ವಾ. ಆಕೆ ಕೇಳಿದ್ದು ಇಷ್ಟೇ: "ನನ್ನ ಮಗ ಹಿಡಿಯಾಕ ಆಗದಂಗ ಓಡ್ತಾನ್ರಿ. ಅವಗ ಸೈಕಲ್ ಯಾಕ? ಹಗಲೊತ್ತು ಅವ ಕುಂದ್ರಾಕ ಒಂದ್ ಖೋಲಿ ಕೊಡ್ರಿ, ನಾ ಕೂಲಿಗೆ ಹೋಗಬೇಕು." ಖೋಲಿ ಇನ್ನೂ ಸಿಕ್ಕಿಲ್ಲ. ಆಕೆ ಪ್ರತಿ ಗ್ರಾಮಸಭೆಯಲ್ಲೂ ಏಳುತ್ತಾಳೆ.

ತಮ್ಮನ ಅರ್ಜಿಯ ದಿನ ಇವರಲ್ಲಿ ಇಬ್ಬರು ಬಂದರು. ಅಧಿಕಾರಿ "ಹೆಸರೇನಪ್ಪ?" ಎಂದರು. ಅಮ್ಮ ಬಾಯಿ ತೆರೆದಳು, ನಾನೂ ತೆರೆದೆ. 36 ವರ್ಷದ ಅಭ್ಯಾಸ. ಪಕ್ಕದಲ್ಲಿದ್ದ ತಾಯಿ ಅಮ್ಮನ ಮೊಣಕೈ ಹಿಡಿದು "ತಡೀರಿ ಯಕ್ಕಾ, ಅವನ್ನ ಕೇಳ್ಯಾರ" ಎಂದಳು. ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ. ತಮ್ಮ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಆಮೇಲೆ "ನಿಮ್ದು ಚಾ ಆತೇನ್ರಿ?" ಎಂದು ಕೇಳಿದ. ಯಾರ ಜೊತೆ ಇರೋಕೆ ಇಷ್ಟ ಅಂದಾಗ "ಅವ್ವ. ಆಮ್ಯಾಗ ಅಕ್ಕ" ಎಂದ. ನನ್ನ ಹೆಸರು ಬರಲಿಲ್ಲ. ಯಾಕೆ ಬರಬೇಕು, ವರ್ಷಕ್ಕೆ ಮೂರು ವಾರ ಬರುವವನದು?

ಅಕ್ಕನಿಗೆ ಈಗ ಕೆಲಸ ಇದೆ. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಪಾಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಹೊಲ ಬರೆಸಿಕೊಳ್ಳೋಕೆ ಗಾರ್ಡಿಯನ್ ಆಗುವ ನೆಂಟರಿಗೆ ಇದು ಇಷ್ಟವಾಗಲ್ಲ.

ಇನ್ನು ಇಲ್ಲಿನ ಸೌಲಭ್ಯದ ಮಾತು. ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆ ಅಜ್ಜಿಯ ಮಗನಿಗೆ ಅರವತ್ತು ಹತ್ತಿರ. ಅವನು ಆರು ವರ್ಷದವನಿದ್ದಾಗ ಶಾಲೆಯವರು ಬಾಗಿಲಲ್ಲೇ ವಾಪಸ್ ಕಳಿಸಿದ್ದರಂತೆ. ಇಂಥ ಮಕ್ಕಳಿಗೂ ಶಾಲೆ ಕೊಡಲೇಬೇಕು ಅನ್ನುವ ಕಾನೂನು ಇಡೀ ದೇಶಕ್ಕೆ ಬಂದದ್ದು 1975ರಲ್ಲಿ. ಇವತ್ತು ನಾವು ಐಇಪಿ ಮೀಟಿಂಗ್ (ಮಗುವಿಗೆ ತಕ್ಕ ಕಲಿಕೆಯ ಯೋಜನೆ ಮಾಡುವ ಶಾಲೆಯ ಸಭೆ) ಅಂತ ಠೀವಿಯಿಂದ ಹೋಗಿ ಕೂರುತ್ತೇವಲ್ಲ, ಅದರ ಹಿಂದೆ 1950ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೇರಿದ ತಾಯಿ ತಂದೆಯರಿದ್ದಾರೆ. ಅವರು ಕಟ್ಟಿದ ಸಂಘವೇ ಈಗಿನ ದಿ ಆರ್ಕ್. 1974ರಲ್ಲಿ ಆರೆಗನ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರೇ ಸೇರಿ ತಮ್ಮ ಗುಂಪಿಗೆ ಪೀಪಲ್ ಫಸ್ಟ್ ಎಂದು ಹೆಸರಿಟ್ಟರು. ಮೊದಲು ನಾವು ಮನುಷ್ಯರು ಅಂತ. ಇಂಡಿ, ಸಿಂದಗಿ ಕಡೆಯ ಆ ತಾಯಂದಿರ ಗುಂಪು ಬೆಳೆಯೋದೂ ಹೀಗೇ.

ಹಾಗಾಗಿ, ಪ್ರಶ್ನೆ ಕೇಳಿದ ತಾಯಿಗೆ ಎರಡು ಮಾತು. ಇಲ್ಲೇ ಇರುವುದಾದರೆ, 21ರ ಆಸುಪಾಸಿಗೆ ಶಾಲೆ ಬಸ್ ಬರುವುದು ನಿಲ್ಲುತ್ತದೆ. ಆಮೇಲೆ ಮೆಡಿಕೇಡ್ ವೇವರ್ (ಮನೆಯಲ್ಲೇ ಇದ್ದು ಆರೈಕೆ ಪಡೆಯೋಕೆ ಸರ್ಕಾರದ ನೆರವು), ಎಷ್ಟೋ ರಾಜ್ಯಗಳಲ್ಲಿ ವರ್ಷಗಟ್ಟಲೆ ಸಾಲು. ಕೆಲಸ ಬದಲಿಸಿ ಟೆಕ್ಸಸ್‌ಗೆ ಹೋದರೆ ಸಾಲು ಮತ್ತೆ ಮೊದಲಿಂದ. ಹೆಸರನ್ನು ಈಗಲೇ ಬರೆಸಿ. ವಾಪಸ್ ಹೋಗುವುದಾದರೆ, ಮಗ ಇಲ್ಲಿ ಹುಟ್ಟಿದ್ದರೆ ಸಾಮಾನ್ಯವಾಗಿ ಅವನು ಭಾರತದ ಪ್ರಜೆ ಆಗಿರಲ್ಲ. ಯುಡಿಐಡಿ, ಅಂದರೆ ಭಾರತದಲ್ಲಿ ಅಂಗವಿಕಲರಿಗೆ ಕೊಡುವ ಗುರುತಿನ ಕಾರ್ಡ್, ಇರುವುದು ಪ್ರಜೆಗಳಿಗೆ. ಮನೆ ಮಾರುವ ಮೊದಲು ವಕೀಲರನ್ನು ಕೇಳಿ. ನೀವಿಬ್ಬರೂ ಪಾಸ್‌ಪೋರ್ಟ್ ಬದಲಿಸಬೇಡಿ ಅಂತ ನಾನು ಹೇಳಲ್ಲ, ಆದರೆ ಒಬ್ಬರದು ಉಳಿದಿರಲಿ ಅನ್ನಿಸುತ್ತದೆ.

ದುಡ್ಡು ಕಳಿಸಲಾ ಎಂದು ಮೆಸೇಜ್ ಮಾಡಿದವರಿಗೆ: ಆ ತಾಯಂದಿರನ್ನು ನಾನೂ ಹಾಗೇ ಕೇಳಿದ್ದೆ. "ಬಸ್ಸಿಗೆ ನಮಗ ಶಕ್ತಿ ಯೋಜನೆ ಅದ. ಅರ್ಜಿ ಬರಿಯಾಕ ಯಾರೂ ಇಲ್ಲ" ಎಂದರು. ಈಗ ಅವರು ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ದಾಖಲೆಗಳ ಫೋಟೊ ಕಳಿಸುತ್ತಾರೆ, ನನಗಿಲ್ಲಿ ರಾತ್ರಿ. ಅರ್ಜಿ ಟೈಪ್ ಮಾಡಿ ಪಿಡಿಎಫ್ ಕಳಿಸುತ್ತೇನೆ. ನಿನ್ನೆ ಮೂರು ಬಂದವು. ಒಂದರಲ್ಲಿ ಹುಡುಗಿಯ ಹೆಸರು ಆಧಾರ್‌ನಲ್ಲಿ ಒಂದು ಥರ, ಸರ್ಟಿಫಿಕೇಟ್‌ನಲ್ಲಿ ಇನ್ನೊಂದು ಥರ, ಅದನ್ನು ಬಿಡಿಸೋದರಲ್ಲಿ ಒಂದು ಗಂಟೆಯಾಯಿತು. ಇನ್ನಿಬ್ಬರು ಬೇಕು. ನುಡಿಯಲ್ಲಿ ಕನ್ನಡ ಟೈಪಿಂಗ್ ಬಂದರೆ ಸಾಕು.