ಮೂರರಲ್ಲಿ ನಾಲ್ಕು ಹೋಗುದಿಲ್ಲ ಅಂತಾಳೆ ಮಗಳು

ಕಡಿಯಾಳಿ–ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ. ರಜೆಗೆ ಅಂತ ಊರಿಗೆ ಬಂದು ಮೂರು ವಾರ ಆಯ್ತು, ಉಡುಪಿಯಲ್ಲಿ ಅಮ್ಮನ ಮನೆಯಲ್ಲಿದ್ದೇವೆ. ಬರುವ ವರ್ಷ ಗಂಟುಮೂಟೆ ಕಟ್ಟಿ ಮಂಗಳೂರಿಗೇ ಬರುವ ಯೋಚನೆ ಉಂಟು. ಮಗಳಿಗೆ ಹತ್ತು ವರ್ಷ. ಅಲ್ಲಿ 4ನೇ ಗ್ರೇಡ್ ಮುಗಿಸಿದ್ದಾಳೆ, ಸೆಪ್ಟೆಂಬರಿಗೆ 5. ಇಲ್ಲಿಯ ಮಕ್ಕಳ ಒಟ್ಟಿಗೆ ಹೇಗೆ ಹೊಂದಿಕೊಳ್ತಾಳೆ ನೋಡುವ ಅಂತ ಹತ್ತಿರದಲ್ಲಿ ಟ್ಯೂಷನ್ ಕೊಡುವ ಟೀಚರ್ ಹತ್ರ ಕಳಿಸಿದೆ. ಎರಡನೇ ದಿನ ಅಳ್ತಾ ಬಂದಳು.

ಪುಸ್ತಕ ತೆಗೆದು ನೋಡಿದೆ. "3 ಚಪಾತಿ, 4 ಮಕ್ಕಳು, ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು?" ಇವಳು 4 ÷ 3 ಅಂತ ಬರೆದು ಭಾಗಲಬ್ಧ 1, ಶೇಷ 1 ಹಾಕಿದ್ದಾಳೆ. ಯಾಕೆ ಮಗಾ ತಿರುಗಿಸಿ ಬರೆದೆ ಅಂದ್ರೆ, "ದೊಡ್ಡದನ್ನೇ ಅಲ್ವಾ ಅಮ್ಮ ಸಣ್ಣದರಿಂದ ಭಾಗ ಮಾಡುದು? ಮೂರರಲ್ಲಿ ನಾಲ್ಕು ಹೋಗುದಿಲ್ಲ" ಅಂದಳು. ಅದರ ಕೆಳಗೆ 11/4 ಅನ್ನು ಮಿಶ್ರ ಭಿನ್ನರಾಶಿ ಮಾಡು ಅಂತ ಇತ್ತು. "2, ಶೇಷ 3" ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದಾಳೆ. ಮತ್ತೊಂದು 3⅖ನ್ನು ವಿಷಮ ಭಿನ್ನರಾಶಿ ಮಾಡುವ ಲೆಕ್ಕ. 32/5 ಅಂತ ಬರೆದಿದ್ದಾಳೆ, ಅಂದ್ರೆ ಮೂರರ ಪಕ್ಕಕ್ಕೆ ಎರಡನ್ನು ಅಂಟಿಸಿದ್ದು. ಒಂದು ಕಡೆ 9/4 ಸರಿಯಾಗಿಯೇ ಬಂದಿತ್ತು, ಅದನ್ನು ಗೀಚಿ ಹಾಕಿದ್ದಳು. ಕೇಳಿದರೆ "ಅದು ಇಂಪ್ರಾಪರ್ ಅಮ್ಮ" ಅಂತಾಳೆ. ವಿಷಮ ಭಿನ್ನರಾಶಿಗೆ ಇಂಗ್ಲಿಷಿನಲ್ಲಿ ಇಂಪ್ರಾಪರ್ ಅಂತ ಹೇಳುದಲ್ವಾ, ಇಂಪ್ರಾಪರ್ ಅಂದ್ರೆ ತಪ್ಪು ಅಂತಲೇ ತಿಳ್ಕೊಂಡಿದ್ದಾಳೆ ಪಾಪ.

ಟೀಚರ್ ಒಳ್ಳೆಯವರೇ, ಆದ್ರೆ "ಕೆಳಗಿನದ್ದು ಗುಣಿಸು, ಮೇಲಿನದ್ದು ಕೂಡಿಸು" ಅಂತ ಮಾತ್ರ ಹೇಳ್ತಾರೆ. ನನ್ನ ಪ್ರಶ್ನೆ ಎರಡೇ. ಇದನ್ನು ಅವಳ ತಲೆಗೆ ಹೋಗುವ ಹಾಗೆ ಹೇಳುದು ಹೇಗೆ? ಇಲ್ಲಿಯ ಶಾಲೆಗೆ ಹಾಕಿದರೆ ಹಿಂದೆ ಬೀಳ್ತಾಳಾ? ರಾತ್ರಿ ನಿದ್ದೆ ಬರ್ತಾ ಇಲ್ಲ.

ಸುರತ್ಕಲ್–ದುಬೈ:
ಅಕ್ಕ, ನೇರವಾಗಿ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಮಗ್ಗಿ. ಬೇರೆ ಎಂತದೂ ಬೇಡ. 20ರ ತನಕ ಮಗ್ಗಿ ಬಾಯಿಪಾಠ ಬಂದ ಮಗುವಿಗೆ ಭಿನ್ನರಾಶಿ ಕಷ್ಟ ಆಗುದು ನಾನು ನೋಡಲಿಲ್ಲ. ನನ್ನ ಇಬ್ಬರೂ ಇಲ್ಲಿ ಸಿಬಿಎಸ್‌ಇ. ಬೆಳಿಗ್ಗೆ ಹಾಲು ಕುಡಿಯುವ ಮೊದಲು ಮಗ್ಗಿ ಒಪ್ಪಿಸ್ಬೇಕು, ಎಂಟು ವರ್ಷ ಒಂದು ದಿನ ತಪ್ಪಿಸಲಿಲ್ಲ. ದೊಡ್ಡವನು ಈಗ ಎಂಜಿನಿಯರಿಂಗ್. ಅಮೆರಿಕದಲ್ಲಿ ಚಿತ್ರ ಬಿಡಿಸಿ ಬಣ್ಣ ಹಚ್ಚಿ ಲೆಕ್ಕ ಕಲಿಸ್ತಾರೆ, ಅದರಿಂದ ಹೀಗಾಗುದು. ಊರಿಗೆ ಬರುವ ನಿರ್ಧಾರ ನೂರಕ್ಕೆ ನೂರು ಸರಿ. ತಡ ಮಾಡ್ಬೇಡಿ.

ಶಂಕರಪುರ–ಲೆಸ್ಟರ್:
ಅಕ್ಕ, ನನ್ನ ಮಗನಿಗೂ ಇದೇ ಆಗಿತ್ತು. ಇಲ್ಲಿ ಇಂಗ್ಲೆಂಡಿನಲ್ಲಿ ಇಯರ್ 5ರಲ್ಲಿ ಇದೇ ಪಾಠ ಬರ್ತದೆ. ಅವನಿಗೆ ದಾರಿ ಕಂಡದ್ದು ಶಾಲೆಯಲ್ಲಿ ಅಲ್ಲ, ನಮ್ಮ ಮನೆ ಜಗಲಿಯಲ್ಲಿ.

ನಮ್ಮದು ಮಲ್ಲಿಗೆ ಮನೆ. ಅಮ್ಮ ಈಗಲೂ ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ತಾರೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ರಜೆಯಲ್ಲಿ ಹೋದಾಗ ಅಮ್ಮ ಅವನ ಎದುರು ಚೆಂಡುಗಳನ್ನು ಸಾಲಾಗಿ ಇಟ್ಟು "ಎಷ್ಟು ಅಟ್ಟೆ ಆಯ್ತು ಹೇಳು ಮಗಾ" ಅಂದರು. ಲೆಕ್ಕ ಮಾಡಿದ, 11 ಚೆಂಡು. ನಾಲ್ಕು ಒಂದು ಕಡೆ, ನಾಲ್ಕು ಇನ್ನೊಂದು ಕಡೆ, ಉಳಿದದ್ದು ಮೂರು. "ಎರಡು ಅಟ್ಟೆ, ಮೂರು ಉಳೀತು" ಅಂದ. ಅಮ್ಮ ಬಿಡಲಿಲ್ಲ. "ಉಳಿದದ್ದು ಅಟ್ಟೆಯ ಎಷ್ಟು ಪಾಲು? ಹೂ ತಕ್ಕೊಳ್ಳುವ ಕಟ್ಟೆಯವರಿಗೆ ಏನಂತ ಹೇಳುದು?" ಅವನು ಸ್ವಲ್ಪ ಹೊತ್ತು ನೋಡಿ, "ನಾಲ್ಕರಲ್ಲಿ ಮೂರು… ಮುಕ್ಕಾಲು! ಎರಡೂಮುಕ್ಕಾಲು ಅಟ್ಟೆ" ಅಂದ.

ನಿಮ್ಮ ಮಗಳು ಬರೆದ "2, ಶೇಷ 3" ತಪ್ಪಲ್ಲ ಅಕ್ಕ, ಅರ್ಧಕ್ಕೆ ನಿಂತ ಉತ್ತರ ಅಷ್ಟೇ. ಆ ಶೇಷವನ್ನು ಮತ್ತೆ ಭಾಜಕದ ಮೇಲೆ ಇಟ್ಟರೆ ¾, ಒಟ್ಟು 2¾. ಹೂ ಬೇಡ ಅಂದ್ರೆ ಹುಣಸೆ ಬೀಜ ಇಟ್ಟು ಮಾಡಿಸಿ. ಆದ್ರೆ ಕೈಯಿಂದ ಮಾಡಿಸಿ, ಕಾಗದದಲ್ಲಿ ಬೇಡ.

ಬಿಜೈ–ಟೊರಾಂಟೊ:
ದುಬೈ ಅಣ್ಣ, ನಾನು ಮಗ್ಗಿ ಬಾಯಿಪಾಠ ಮಾಡಿಯೇ ಬೆಳೆದವಳು. 19ರ ಮಗ್ಗಿ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳ್ತೇನೆ. ಆದ್ರೆ 3/4 ಅಂದ್ರೆ 3 ÷ 4 ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಆ ಗೆರೆ ಭಾಗಾಕಾರದ ಗುರುತು ಅಂತ ಒಬ್ಬರೂ ಹೇಳಿರಲಿಲ್ಲ. ಪಿಯುಸಿಯಲ್ಲಿ ಗಣಿತ ಬಿಟ್ಟೆ, ಇಷ್ಟವಿಲ್ಲದೆ ಅಲ್ಲ, ಹೆದರಿ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಉಂಟು. ಮಗು ಅಳ್ತಾ ಇರುವಾಗ ಮಗ್ಗಿ ಒಪ್ಪಿಸು ಅಂತ ಹೇಳ್ಬೇಡಿ.

ಅಕ್ಕ, ನ್ಯೂಜೆರ್ಸಿ ಮಗುವಿಗೆ ಕ್ವಾರ್ಟರ್ ನಾಣ್ಯ, ಅಂದ್ರೆ ಕಾಲು ಡಾಲರ್, ಗೊತ್ತುಂಟಲ್ಲ. 11 ಕ್ವಾರ್ಟರ್ ಕೊಟ್ಟು ಎಷ್ಟು ಡಾಲರ್ ಕೇಳಿ. ಎರಡು ಡಾಲರ್, ಮೂರು ಕ್ವಾರ್ಟರ್ ಅಂತ ಅವಳೇ ಹೇಳ್ತಾಳೆ.

ಸುರತ್ಕಲ್–ದುಬೈ:
ಹೆದರಿಕೆ ಹೋಗುದೇ ಅಭ್ಯಾಸದಿಂದ. ನಮ್ಮ ಮಾಸ್ಟ್ರು ಬೆತ್ತ ಹಿಡಿದೇ ಕಲಿಸಿದ್ದು, ಅದೇ ವಿದ್ಯೆ ಇವತ್ತು ಅನ್ನ ಕೊಡ್ತಾ ಉಂಟು. 11ನ್ನು 4ರಿಂದ ಭಾಗಿಸ್ಲಿಕ್ಕೆ ನಾಲ್ಕರ ಮಗ್ಗಿ ಬೇಡವಾ? ನಾಲ್ಕೆರಡ್ಲ ಎಂಟು ಅಂತ ಗೊತ್ತಿಲ್ಲದೆ ಹೂ ಇಟ್ಟು ಎಂತ ಮಾಡುದು? ಪರೀಕ್ಷೆಗೆ ಮಲ್ಲಿಗೆ ತಕ್ಕೊಂಡು ಹೋಗ್ಲಿಕ್ಕೆ ಆಗ್ತದಾ?

ಮೂಡುಬಿದಿರೆ–ಮೆಲ್ಬರ್ನ್:
ನಾನು ನಿವೃತ್ತ ಶಿಕ್ಷಕ, ಮಗನ ಮನೆಯಲ್ಲಿದ್ದೇನೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಟ್ಟಿದ್ದೇನೆ, ಹಾಗಾಗಿ ಎರಡು ಮಾತು.

ಮಗ್ಗಿ ಬೇಕು. ಆದರೆ ನಮ್ಮ ಕಾಲದಲ್ಲಿ ಬರೀ ಎರಡರ ಮಗ್ಗಿ ಮೂರರ ಮಗ್ಗಿ ಅಲ್ಲ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯೂ ಇತ್ತು. ಅದು ಹೋಯಿತು. ನಾಲ್ಕಾಣೆ ಎಂಬ ಮಾತೂ ಹೋಯಿತು. 1957ರಲ್ಲಿ ನಯಾಪೈಸೆ ಬಂದ ಮೇಲೂ ಜನ 25 ಪೈಸೆಯನ್ನು ನಾಲ್ಕಾಣೆ ಅಂತಲೇ ಕರೆಯುತ್ತಿದ್ದರು, 2011ರಲ್ಲಿ ಆ ನಾಣ್ಯವೇ ಚಲಾವಣೆಯಿಂದ ಹೋಯಿತು. ಕಾಲು ರೂಪಾಯಿಯನ್ನು ಕೈಯಲ್ಲಿ ಹಿಡಿದ ಮಗು ಈಗ ಇಲ್ಲ.

ಆದರೂ ನಮ್ಮ ಭಾಷೆಯಲ್ಲಿ ಅದು ಉಳಿದಿದೆ, ತಾಯಿ. ಮುಕ್ಕಾಲು ಅಂದರೆ ಮೂರು ಕಾಲು. ಅದೇ 3/4. ಎರಡೂಮುಕ್ಕಾಲು ಎನ್ನುವಾಗ ನಡುವಿನ ಆ 'ಊ' ಅಂದರೆ ಕೂಡಿಸು. ಎರಡೂ ಇದೆ, ಮುಕ್ಕಾಲೂ ಇದೆ. 2¾ ಬರೆಯುವಾಗ ನಡುವೆ ಕೂಡಿಸುವ ಚಿಹ್ನೆ ಕಾಣುವುದಿಲ್ಲ, ಆದ್ದರಿಂದ ಮಕ್ಕಳು ಕೆಲವರು ಗುಣಿಸುತ್ತಾರೆ, ಕೆಲವರು ಅಂಟಿಸಿ ಓದುತ್ತಾರೆ. ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಸಿದರೆ ಆ ಕೂಡಿಸುವಿಕೆ ಕಿವಿಗೆ ಕೇಳುತ್ತದೆ. ಒಂದೂಕಾಲು, ಒಂದೂವರೆ, ಎರಡೂವರೆ, ಎಲ್ಲವೂ ಹಾಗೆಯೇ. ಇನ್ನು 11/4 ಅಂದರೆ ಹನ್ನೊಂದು ಕಾಲು. ನಾಲ್ಕು ಕಾಲಿಗೆ ಒಂದು. ಮಗುವೇ ಮುಂದಿನದನ್ನು ಹೇಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಚಪಾತಿಯದ್ದು ಹಂಚುವ ಲೆಕ್ಕ, ಮಲ್ಲಿಗೆಯದ್ದು ಅಳೆಯುವ ಲೆಕ್ಕ, ಅಂದರೆ ಹನ್ನೊಂದರಲ್ಲಿ ನಾಲ್ಕು ಎಷ್ಟು ಸಲ ಇದೆ ಎಂದು ನೋಡುವುದು. ಎರಡೂ ಭಾಗಾಕಾರವೇ. ಮೊದಲು ಹಂಚುವುದನ್ನು ಮಾಡಿಸಿ. ಮೂರನ್ನು ನಾಲ್ವರಿಗೆ ಹಂಚಲು ಆಗುವುದಿಲ್ಲ ಎಂಬ ಅವಳ ಹಠ ಅಲ್ಲಿ ಕರಗುತ್ತದೆ.

ಮೂಡುಬಿದಿರೆಯವನಾಗಿ ಇದನ್ನೂ ಹೇಳಲೇಬೇಕು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಭಿನ್ನರಾಶಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಭಿನ್ನರಾಶಿಯಿಂದ ಭಾಗಿಸುವಾಗ ಭಾಜಕದ ಅಂಶ, ಛೇದ ಅದಲುಬದಲು ಮಾಡಿ ಗುಣಿಸಬೇಕು ಎಂಬುದು ಅಲ್ಲಿದೆ. ನಮ್ಮ ಮಕ್ಕಳಿಗೆ ಇದು ಪರಕೀಯ ವಿದ್ಯೆ ಅಲ್ಲ.

ಸುರತ್ಕಲ್–ದುಬೈ:
ನೋಡಿ, ಮಾಸ್ಟ್ರೇ ಹೇಳಿದ್ರು ಮಗ್ಗಿ ಬೇಕು ಅಂತ. ಅಲ್ಲಿಗೆ ಮುಗೀತು.

ಬಿಜೈ–ಟೊರಾಂಟೊ:
ಸರ್ ಬರೆದದ್ದರಲ್ಲಿ ಒಂದು ಸಾಲು ಮಾತ್ರ ಓದಿದ್ರಾ ಅಣ್ಣ?

ಕಾರ್ಕಳ–ಮಸ್ಕತ್:
ಮಾಸ್ಟ್ರ ಮಾತು ಓದಿ ಕಣ್ಣು ತುಂಬಿತು. ನನ್ನ ಮಕ್ಕಳಿಗೆ ಮುಕ್ಕಾಲು ಅಂದ್ರೆ ಗೊತ್ತಿಲ್ಲ. ಎರಡೂವರೆ ಅಂದ್ರೆ "ವಾಟ್?" ಅಂತ ಕೇಳ್ತಾರೆ. ಮನೆಯಲ್ಲಿ ನಾವು ತುಳು ಮಾತಾಡ್ತೇವೆ, ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾರೆ. ಸಣ್ಣದಿರುವಾಗ ಶಾಲೆಯವರು ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂದರು, ನಾವು ಕೇಳಿದೆವು. ಕೇಳಬಾರದಿತ್ತು. ಅಜ್ಜ ತೀರಿಹೋಗುವ ಮೊದಲು ಮೊಮ್ಮಗನ ಹತ್ರ ಫೋನಿನಲ್ಲಿ "ಊಟ ಆಯ್ತಾ" ಬಿಟ್ಟು ಬೇರೆ ಮಾತಾಡ್ಲಿಕ್ಕೆ ಆಗಲಿಲ್ಲ. ಅಕ್ಕ, ನೀವು ಬನ್ನಿ. ಲೆಕ್ಕಕ್ಕಾಗಿ ಅಲ್ಲದಿದ್ದರೂ ಇದಕ್ಕಾಗಿ ಬನ್ನಿ.

ಸುರತ್ಕಲ್–ದುಬೈ:
ಹಾಗೆ ಹೇಳಿ! ಹೊರಗೆ ಬೆಳೆದ ಮಕ್ಕಳಿಗೆ ಹಿರಿಯರ ಬೆಲೆ ಇಲ್ಲ, ಕಷ್ಟಪಡುವ ಅಭ್ಯಾಸ ಇಲ್ಲ. ಎಲ್ಲ ಸುಲಭ ಆಗ್ಬೇಕು. ನನಗೆ ಗೊತ್ತಿರುವ ಎರಡು ಮನೆಯವರು ತಡ ಮಾಡಿ ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಊರಿಗೆ ತಂದರು, ಮಕ್ಕಳು ಇತ್ತಲೂ ಇಲ್ಲ ಅತ್ತಲೂ ಇಲ್ಲ ಆದರು. ಹತ್ತು ವರ್ಷದೊಳಗೆ ತರ್ಬೇಕು.

ಬಿಜೈ–ಟೊರಾಂಟೊ:
ನನ್ನ ಮಗ ಇಲ್ಲಿಯೇ ಹುಟ್ಟಿದವನು. ನಮ್ಮ ಅತ್ತೆಗೆ ಹುಷಾರಿಲ್ಲದಾಗ ಒಂದು ತಿಂಗಳು ರಾತ್ರಿ ಹಗಲು ಪಕ್ಕದಲ್ಲಿ ಕೂತಿದ್ದ. ಹಿರಿಯರ ಬೆಲೆ ಗೊತ್ತಿಲ್ಲ ಅಂತ ಎಲ್ಲರ ಮಕ್ಕಳಿಗೂ ಒಟ್ಟಿಗೆ ಹೇಳ್ಬೇಡಿ ಅಣ್ಣ, ಮನಸ್ಸಿಗೆ ನೋವಾಗ್ತದೆ.

ಪುತ್ತೂರು–ಸಿಂಗಾಪುರ:
ಪ್ರಶ್ನೆ ಭಿನ್ನರಾಶಿಯದ್ದಲ್ವಾ. ಇಲ್ಲಿ ಶಾಲೆಗಳಲ್ಲಿ ಪಟ್ಟಿ ಎಳೆದು ಭಾಗ ಮಾಡಿಸ್ತಾರೆ, ಬಾರ್ ಮಾಡೆಲ್ ಅಂತ. ಅದೂ ಚಿತ್ರವೇ, ಆದ್ರೆ ಬಹಳ ಉಪಯೋಗ ಆಗ್ತದೆ. ಮತ್ತೊಂದು, ಶೇಷವನ್ನು ಯಾವಾಗಲೂ ಭಿನ್ನರಾಶಿ ಮಾಡ್ಲಿಕ್ಕೆ ಆಗುದಿಲ್ಲ ಅಂತಲೂ ಹೇಳಿಕೊಡಿ. 11 ಜನ, ಒಂದು ರಿಕ್ಷಾಕ್ಕೆ 3 ಜನ ಅಂದ್ರೆ 11 ÷ 3 = 3⅔. ಆದ್ರೆ ಮೂರನೇ ಎರಡು ರಿಕ್ಷಾ ಸ್ಟ್ಯಾಂಡಿನಲ್ಲಿ ಸಿಗುದಿಲ್ಲ, 4 ರಿಕ್ಷಾ ಬೇಕು. ಚಪಾತಿ ತುಂಡು ಮಾಡ್ಲಿಕ್ಕೆ ಆಗ್ತದೆ, ರಿಕ್ಷಾ ಆಗುದಿಲ್ಲ. ನನ್ನ ಮಗಳಿಗೆ ಇದು ಅರ್ಥ ಆದ ಮೇಲೆ ಪ್ರಶ್ನೆಯನ್ನು ನಿಧಾನಕ್ಕೆ ಓದ್ಲಿಕ್ಕೆ ಶುರು ಮಾಡಿದಳು.

ಕದ್ರಿ (ವಾಪಸ್ ಬಂದವರು):
ನಾವು ಮಂಗಳೂರಿಗೆ ವಾಪಸ್ ಬಂದವರು, ಅದಕ್ಕೆ ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡ್ತೇನೆ. ಅಲ್ಲಿಯ 5ನೇ ಗ್ರೇಡಿನಲ್ಲಿಯೇ ಭಿನ್ನರಾಶಿಯನ್ನು ಭಾಗಾಕಾರವಾಗಿ ನೋಡುವ ಪಾಠ ಬರುದು. ಅವಳಿಗೆ ಅದು ಇನ್ನೂ ಆಗಿಯೇ ಇಲ್ಲ, ಹಾಗಾಗಿ ಹಿಂದೆ ಬಿದ್ದಿದ್ದಾಳೆ ಅಂತ ಈಗಲೇ ಹೇಳುದು ತಪ್ಪು. ಸಿಬಿಎಸ್‌ಇ ಶಾಲೆ ಆದ್ರೆ, 2024ರಲ್ಲಿ ಬಂದ 6ನೇ ತರಗತಿಯ ಹೊಸ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಭಿನ್ನರಾಶಿ ಶುರು ಆಗುದೇ ರೊಟ್ಟಿಯನ್ನು ಸಮಪಾಲು ಮಾಡುದರಿಂದ. ಸೂತ್ರ ಆಮೇಲೆ.

ನಮ್ಮ ಮಗನಿಗೆ ಕಷ್ಟ ಆದದ್ದು ಗಣಿತ ಅಲ್ಲ, ಕನ್ನಡ. 2015ರ ಕಾಯ್ದೆ ಪ್ರಕಾರ ಯಾವ ಸಿಲೆಬಸ್ ಆದ್ರೂ ಕರ್ನಾಟಕದ ಶಾಲೆಯಲ್ಲಿ ಕನ್ನಡ ಕಲಿಯಲೇಬೇಕು. ಅವನಿಗೆ ಮಾತಾಡ್ಲಿಕ್ಕೆ ಬರ್ತಿತ್ತು, ಒತ್ತಕ್ಷರ ಬರ್ತಿರಲಿಲ್ಲ. ಮೊದಲ ಆರು ತಿಂಗಳು ಪ್ರತಿ ಸಂಜೆ ಪಕ್ಕದಲ್ಲಿ ಕೂತು ಬರೆಸಿದೆ. ಒಂದು ವರ್ಷ ಸಮಯ ಉಂಟಲ್ಲ, ಇವತ್ತಿನಿಂದಲೇ ಕನ್ನಡ ಬರೆಸ್ಲಿಕ್ಕೆ ಶುರು ಮಾಡಿ.

ಸುರತ್ಕಲ್–ದುಬೈ:
ಮಗ್ಗಿಯೂ ಒಟ್ಟಿಗೆ.

ಕಡಿಯಾಳಿ–ನ್ಯೂಜೆರ್ಸಿ:
ಎಲ್ಲರಿಗೂ ಕೈ ಮುಗೀತೇನೆ. ಇವತ್ತು ಬೆಳಿಗ್ಗೆ ಆದದ್ದು ಹೇಳ್ತೇನೆ.

ಹೊರಗೆ ಜೋರು ಮಳೆ, ಅಮ್ಮ ನೀರ್ ದೋಸೆ ಎರೆಯುತ್ತಿದ್ದರು. ಮಾಸ್ಟ್ರು ಹೇಳಿದ್ದನ್ನು ನಾನು ಓದಿ ಹೇಳಿದೆ. ಅಮ್ಮ ಎಂತದೂ ಮಾತಾಡದೆ ಮೂರು ದೋಸೆ ತಟ್ಟೆಗೆ ಹಾಕಿ ಮಗಳ ಎದುರು ಇಟ್ಟರು. ನೀರ್ ದೋಸೆ ಎರಡು ಸಲ ಮಡಚಿಯೇ ಇಡುದಲ್ವಾ. ಬಿಚ್ಚಿದರೆ ಮಧ್ಯದಲ್ಲಿ ಅಡ್ಡಕ್ಕೂ ಉದ್ದಕ್ಕೂ ಮಡಿಕೆಯ ಗೆರೆ ಬಿದ್ದಿರ್ತದೆ. "ಅಜ್ಜಿ, ಅಜ್ಜ, ಅಮ್ಮ, ನೀನು. ನಾಲ್ವರಿಗೆ ಪಾಲು ಮಾಡು" ಅಂದರು. ಅವಳು ಮೊದಲು ಒಬ್ಬೊಬ್ಬರಿಗೆ ಒಂದೊಂದು ಇಟ್ಟಳು, ಅಜ್ಜನಿಗೆ ಇಲ್ಲ. ವಾಪಸ್ ತೆಗೆದಳು. ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಒಂದು ದೋಸೆಯನ್ನು ಗೆರೆಯಲ್ಲಿಯೇ ಹರಿದು ನಾಲ್ಕೂ ತಟ್ಟೆಗೆ ಒಂದೊಂದು ತುಂಡು ಹಾಕಿದಳು. ಎರಡನೆಯದ್ದೂ ಹಾಗೆ, ಮೂರನೆಯದ್ದೂ ಹಾಗೆ. ಎಲ್ಲರ ತಟ್ಟೆಯಲ್ಲಿ ಮೂರು ಮೂರು ತುಂಡು.

"ಒಬ್ಬರಿಗೆ ಎಷ್ಟು ಬಂತು?" ಅಂತ ಅಮ್ಮ ಕೇಳಿದರು. "ಮೂರು ಕಾಲು" ಅಂದಳು. ಹೇಳಿ ಒಂದು ಕ್ಷಣ ಬಿಟ್ಟು, "ಅಜ್ಜಿ, ಮೂರು ಕಾಲು ಅಂದ್ರೇ ಮುಕ್ಕಾಲಾ?" ಅಂತ ಕೇಳಿದಳು. ನನಗೆ ಮೈ ಜುಮ್ ಅಂದಿತು. ಅವಳೇ ಪುಸ್ತಕ ತಂದು 4 ÷ 3 ಅಳಿಸಿ 3 ÷ 4 = 3/4 ಅಂತ ಬರೆದಳು. 9/4 ಗೀಚಿದ್ದನ್ನೂ ಸರಿ ಮಾಡಿದಳು. ವಿಷಮ ಅಂದ್ರೆ ತಪ್ಪಲ್ಲ, ಒಂದಕ್ಕಿಂತ ಕಡಿಮೆ ಅಲ್ಲದ್ದು ಅಂತ ನಾನು ಹೇಳಿದೆ.

ಆದ್ರೆ 3⅖ ಇನ್ನೂ ಹಾಗೇ ಉಂಟು. ಐದಕ್ಕೆ ಕಾಲು, ಮುಕ್ಕಾಲಿನ ಹಾಗೆ ಬಾಯಿಗೆ ಬರುವ ಶಬ್ದ ಇಲ್ಲ, ದೋಸೆ ಐದು ಪಾಲು ಮಾಡ್ಲಿಕ್ಕೆ ಆಗುದಿಲ್ಲ.

ಶಂಕರಪುರ–ಲೆಸ್ಟರ್:
ಕೈ ಉಂಟಲ್ಲ ಅಕ್ಕ! ಒಂದು ಕೈ ಅಂದ್ರೆ ಒಂದು, ಒಂದು ಬೆರಳು ಅಂದ್ರೆ ಐದನೇ ಒಂದು. ಅಜ್ಜಿ, ಅಜ್ಜ, ನೀವು ಒಂದೊಂದು ಕೈ ಪೂರ್ತಿ ಚಾಚಿ, ಅವಳು ಎರಡು ಬೆರಳು ಮಾತ್ರ ಎತ್ತಲಿ. ಮೂರು ಕೈ, ಎರಡು ಬೆರಳು, ಅದೇ 3⅖. ಈಗ ಎಲ್ಲ ಬೆರಳು ಎಣಿಸಲಿ. ಮೂರೈದ್ಲ ಹದಿನೈದು, ಮತ್ತೆ ಎರಡು, 17 ಬೆರಳು, 17/5. ಟೀಚರ್ ಹೇಳುವ "ಗುಣಿಸು, ಕೂಡಿಸು" ಅದೇ. ವಾಪಸ್ ಹೋಗ್ಲಿಕ್ಕೂ ಅದೇ ದಾರಿ. 17 ಬೆರಳಿನಲ್ಲಿ ಪೂರ್ತಿ ಕೈ ಎಷ್ಟು, ಉಳಿದ ಬೆರಳು ಎಷ್ಟು ಕೇಳಿ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಮಾಡಿ, ಆದ ಮೇಲೆ ಇಲ್ಲಿ ಬರೆಯಿರಿ.

ಕಾರ್ಕಳ–ಮಸ್ಕತ್:
ಮೂಡುಬಿದಿರೆ ಮಾಸ್ಟ್ರೇ, ಆ ಮುಕ್ಕಾಲು ಮಗ್ಗಿ ನಿಮಗೆ ಪೂರ್ತಿ ನೆನಪುಂಟಾ? ನಿಮ್ಮ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡಿ ಹಾಕ್ತೀರಾ? ನನ್ನ ಮಕ್ಕಳಿಗೆ ಕೇಳಿಸ್ಬೇಕು.