ಐಪಿಎಕ್ಸ್ (ಹಳೇ ನೆಟ್‌ವರ್ಕ್ ಪ್ರೋಟೊಕಾಲ್) ಹೆಡರ್ 30 ಬೈಟ್ ಇರಬೇಕು, ಸೈಜ್‌ಆಫ್ (ಗಾತ್ರ ಹೇಳುವ ಸಿ ಆಪರೇಟರ್) 32 ತೋರಿಸುತ್ತಿದೆ. ಸರ್ವರ್ ಉತ್ತರವನ್ನೂ ಕೊಡುತ್ತಿಲ್ಲ

ಗುತ್ತಲು:
ಮಂಡ್ಯದ ಒಂದು ಅಕ್ಕಿ ಗಿರಣಿಯ ಹಳೇ ಲೆಕ್ಕವೆಲ್ಲ ನೋವೆಲ್ ಕಂಪನಿಯ ನೆಟ್‌ವೇರ್ 3.12 ಸರ್ವರಿನಲ್ಲಿದೆ. ಅದರ ಜೊತೆ ಮಾತಾಡಲು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಲಿನಕ್ಸ್ 4.18ರಲ್ಲಿ ಐಪಿಎಕ್ಸ್ ತೆಗೆದುಹಾಕಿದ್ದಾರೆ, ಹಾಗಾಗಿ ಪ್ಯಾಕೆಟ್ ಸಾಕೆಟ್ (ಕಚ್ಚಾ ಫ್ರೇಮ್ ಕಳಿಸುವ, ಹಿಡಿಯುವ ದಾರಿ) ತೆರೆದು ಇಡೀ ಫ್ರೇಮನ್ನು ಕೈಯಲ್ಲೇ ಕಟ್ಟಬೇಕು. ಮೊದಲ ಹೆಜ್ಜೆ ರಿಪ್ ವಿನಂತಿ, ಅಂದರೆ ಜಾಲಗಳಿಗೆ ದಾರಿ ಕೇಳುವುದು.

ಸ್ಟ್ರಕ್ಟ್ ಹೀಗಿದೆ: ಚೆಕ್‌ಸಮ್ 16 ಬಿಟ್, ಉದ್ದ 16 ಬಿಟ್, ಟ್ರಾನ್ಸ್‌ಪೋರ್ಟ್ ಕಂಟ್ರೋಲ್ 8, ಪ್ಯಾಕೆಟ್ ಟೈಪ್ 8, ಆಮೇಲೆ ತಲುಪಬೇಕಾದ ಜಾಲ 32 ಬಿಟ್, ನೋಡ್ 6 ಬೈಟ್, ಸಾಕೆಟ್ 16 ಬಿಟ್, ಕಳಿಸುವವರದ್ದೂ ಇದೇ ಕ್ರಮ. ಕೂಡಿದರೆ 30, ಸೈಜ್‌ಆಫ್ ಹೇಳುವುದು 32. ಪ್ಯಾಕ್ಡ್ (ನಡುವೆ ಖಾಲಿ ಬೈಟು ಸೇರಿಸಬೇಡ ಅಂತ ಕಂಪೈಲರಿಗೆ ಸೂಚನೆ) ಹಾಕಿದ ಮೇಲೆ 30 ಬಂತು, ಆದರೂ ಸರ್ವರ್ ಸುಮ್ಮನಿದೆ. ಈಥರ್‌ಟೈಪ್ (ಫ್ರೇಮಿನೊಳಗೆ ಯಾವ ಪ್ರೋಟೊಕಾಲ್ ಇದೆ ಅನ್ನುವ ಸಂಖ್ಯೆ) 8137 ಹೆಕ್ಸ್. ಈಥರ್ನೆಟ್ ಹೆಡರ್ ಬಿಟ್ಟು ಡಂಪಿನ ಮೊದಲ ಹತ್ತು ಬೈಟು: ಎಫ್‌ಎಫ್ ಎಫ್‌ಎಫ್ 28 00 00 01 00 00 00 00. ನಂತರ ಆರು ಎಫ್‌ಎಫ್, ಆಮೇಲೆ 53 04.

ಒಂಟಿಕೊಪ್ಪಲು:
ಆ ಎರಡು ಬೈಟು ಎಲ್ಲಿ ಸೇರಿದವು ಅಂದರೆ, ಮೊದಲ ನಾಲ್ಕು ಅಂಶಗಳು 6 ಬೈಟಿಗೆ ಮುಗಿಯುತ್ತವೆ. 32 ಬಿಟ್ಟಿನ ಅಂಶ 4ರ ಗುಣಕದಲ್ಲೇ ಕೂರಬೇಕು ಅಂತ ಕಂಪೈಲರ್ ಅದನ್ನು 8ಕ್ಕೆ ತಳ್ಳುತ್ತದೆ. ಅಲ್ಲಿಂದ ಕೊನೆಯವರೆಗೆ ಎಲ್ಲವೂ ಎರಡೆರಡು ಬೈಟು ಜಾರುತ್ತದೆ. ರಿಪ್ ಭಾಗದಲ್ಲೂ ಇದೇ ತೊಂದರೆ: ಆಪರೇಷನ್ 16 ಬಿಟ್, ಅದರ ಬೆನ್ನಿಗೇ ಜಾಲ ಸಂಖ್ಯೆ 32 ಬಿಟ್. 10 ಬೈಟಿನದು 12 ಆಗುತ್ತದೆ.

ಪ್ಯಾಕ್ಡ್ ಹಾಕಿದರೆ ಗಾತ್ರ ಸರಿಹೋಗುತ್ತದೆ, ಆದರೆ ಒಳಗಿನ ಅಂಶದ ವಿಳಾಸವನ್ನು ಪಾಯಿಂಟರಿಗೆ ಕೊಟ್ಟರೆ ಆ ಪಾಯಿಂಟರಿಗೆ ಅದು ಪ್ಯಾಕ್ಡ್ ಅನ್ನುವುದು ಗೊತ್ತಿರುವುದಿಲ್ಲ. ಪಿಸಿಯಲ್ಲಿ ನಡೆದುಹೋಗುತ್ತದೆ; ಕಾರ್ಟೆಕ್ಸ್-ಎಂ0 ತರಹದ ಚಿಪ್ಪಿನಲ್ಲಿ ಅಲ್ಲೇ ಹಾರ್ಡ್ ಫಾಲ್ಟ್. ನಾನು ಪ್ಯಾಕ್ಡ್ ಬಳಸುವುದೇ ಇಲ್ಲ. ಎಲ್ಲ ಅಂಶಗಳನ್ನೂ 8 ಬಿಟ್ಟಿನ ಅರೇಗಳಾಗಿ ಘೋಷಿಸಿ: ಉದ್ದಕ್ಕೆ 2, ಜಾಲಕ್ಕೆ 4, ನೋಡಿಗೆ 6. ಆಗ ಪ್ಯಾಡಿಂಗಿನ, ಅಂದರೆ ಹೀಗೆ ಸೇರುವ ಖಾಲಿ ಬೈಟುಗಳ, ಪ್ರಶ್ನೆಯೇ ಬರುವುದಿಲ್ಲ. ಕೆಳಗೆ ಸಿ11ರ ಸ್ಟ್ಯಾಟಿಕ್ ಅಸರ್ಟ್ ಹಾಕಿ: ಸೈಜ್‌ಆಫ್ 30, ತಲುಪಬೇಕಾದ ಜಾಲದ ಆಫ್‌ಸೆಟ್ 6, ಕಳಿಸುವವರ ಜಾಲದ್ದು 18, ಕೊನೆಯ ಸಾಕೆಟ್ 28. ತಪ್ಪಿದ್ದರೆ ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತದೆ.

ಎರಡನೇ ತಪ್ಪು ನಿಮ್ಮ ಡಂಪಿನಲ್ಲೇ ಕಾಣುತ್ತಿದೆ. ಉದ್ದ 28 00 ಅಂತ ಹೋಗಿದೆ. ಐಪಿಎಕ್ಸ್‌ನಲ್ಲಿ ದೊಡ್ಡ ಬೈಟು ಮೊದಲು, ಅಂದರೆ 00 28 (28 ಹೆಕ್ಸ್ ಅಂದರೆ 40 ಬೈಟು) ಆಗಬೇಕು. ಈಗ ಸರ್ವರಿಗೆ ಅದು 10240 ಬೈಟಿನ ಪ್ಯಾಕೆಟ್ಟು. ಸಾಕೆಟ್ಟೂ ಹಾಗೇ, ರಿಪ್‌ನದು 04 53. ಓದಲು, ಬರೆಯಲು ಸಣ್ಣ ಫಂಕ್ಷನ್ ಇಟ್ಟುಕೊಳ್ಳಿ. 32 ಬಿಟ್ ಓದುವಾಗ ಮೊದಲ ಬೈಟನ್ನು 24 ಸ್ಥಾನ ಸರಿಸುವ ಮುನ್ನ ಅನ್‌ಸೈನ್ಡ್ 32 ಬಿಟ್ಟಿಗೆ ಕಾಸ್ಟ್ ಮಾಡಲೇಬೇಕು. ಇಲ್ಲದಿದ್ದರೆ ಅದು ಇಂಟ್ ಆಗಿ, 80 ಹೆಕ್ಸ್ ಅಥವಾ ಅದಕ್ಕೂ ದೊಡ್ಡ ಬೈಟು ಚಿಹ್ನೆಯ ಬಿಟ್ಟಿಗೇ ಹೋಗಿ ಕೂರುತ್ತದೆ.

ಗುತ್ತಲು:
ಎರಡೂ ಸರಿ ಮಾಡಿದೆ ಸರ್, ಅಸರ್ಟ್‌ಗಳೂ ದಾಟಿದವು. ಡಂಪಿನಲ್ಲಿ 00 28, 04 53 ಬಂತು. ಸರ್ವರ್ ಇನ್ನೂ ಮೌನ.

ಕುವೆಂಪುನಗರ:
ಹೆಡರ್ ಸರಿಯಿದೆ, ಅದರ ಹೊರಗಿನ ಹೊದಿಕೆ ಬೇರೆ ಇರಬೇಕು. ಈಥರ್ನೆಟ್ ಮೇಲೆ ಐಪಿಎಕ್ಸ್‌ಗೆ ನಾಲ್ಕು ಫ್ರೇಮ್ ಬಗೆಗಳಿವೆ: ಈಥರ್ನೆಟ್-2, ನೋವೆಲ್‌ನ ಬರೀ 802.3, 802.2, ಸ್ನ್ಯಾಪ್. 3.11ರವರೆಗೆ ಡಿಫಾಲ್ಟ್ ಬರೀ 802.3, 3.12ರಿಂದ 802.2. ಸರ್ವರಿನಲ್ಲಿ ಯಾವುದನ್ನು ಬೈಂಡ್ ಮಾಡಿದ್ದಾರೋ ಅದನ್ನು ಬಿಟ್ಟು ಉಳಿದದ್ದನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಊಹೆ ಮಾಡಬೇಡಿ, ಸರ್ವರಿನ ಕನ್ಸೋಲಿನಲ್ಲಿ ಕಾನ್ಫಿಗ್ ಅಂತ ಕೊಡಿ. ಫ್ರೇಮ್ ಬಗೆ, ಜಾಲ ಸಂಖ್ಯೆ ಎರಡೂ ಬರುತ್ತವೆ.

802.2 ಆದರೆ ಈಥರ್‌ಟೈಪ್ ಜಾಗದಲ್ಲಿ ಉದ್ದ ಬರೆಯಬೇಕು: 3 ಕೂಡಿಸು 40, ಅಂದರೆ 43. ಆಮೇಲೆ ಇ0 ಇ0 03 ಅನ್ನುವ ಮೂರು ಬೈಟು, ಅದರ ನಂತರ ನಿಮ್ಮ ಹೆಡರ್. ಒಟ್ಟು 57 ಬೈಟು. ಈಥರ್ನೆಟ್ಟಿಗೆ ಕನಿಷ್ಠ 60 ಬೇಕು, ಕೊನೆಗೆ ಮೂರು ಸೊನ್ನೆ ಸೇರಿಸಿ.

ಉತ್ತರ ಹಿಡಿಯುವ ಕಡೆಯೂ ಬದಲಾಗಬೇಕು. 8137 ಅಂತ ತೆರೆದ ಸಾಕೆಟ್ಟಿಗೆ 802.2 ಫ್ರೇಮು ಬರುವುದೇ ಇಲ್ಲ. ಲಿನಕ್ಸ್ ಅದಕ್ಕೆ 0004 ಅನ್ನುವ ಬೇರೆ ಸಂಖ್ಯೆ ಕೊಡುತ್ತದೆ, ನೋವೆಲ್‌ನ ಬರೀ 802.3ಗೆ 0001. ಪರೀಕ್ಷೆಗೆ ಎಲ್ಲವನ್ನೂ ಹಿಡಿಯುವ 0003 ಸಾಕು. ಇವನ್ನೂ ಎಚ್‌ಟಿಒಎನ್‌ಎಸ್ (ಬೈಟುಗಳನ್ನು ಜಾಲದ ಕ್ರಮಕ್ಕೆ ತಿರುಗಿಸುವ ಫಂಕ್ಷನ್) ಮೂಲಕವೇ ಕೊಡಬೇಕು, ಬಹಳ ಜನ ಇಲ್ಲೇ ಎಡವುತ್ತಾರೆ. ಗಿರಣಿಯಲ್ಲಿರುವಾಗಲೇ ಟಿಸಿಪಿಡಂಪ್ (ಬಂದುಹೋಗುವ ಫ್ರೇಮು ಹಿಡಿಯುವ ಪ್ರೋಗ್ರಾಂ) ಹಾಕಿ ಕಡತಕ್ಕೆ ಉಳಿಸಿಕೊಳ್ಳಿ. ಓದುವ ಕೋಡನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು.

ಗುತ್ತಲು:
ಕಾನ್ಫಿಗ್ 802.2 ಅಂತಲೇ ತೋರಿಸಿತು. ಉತ್ತರ ಬಂತು! ಸರ್ವರಿನ ಒಳ ಜಾಲ ಸಂಖ್ಯೆ ಸರಿಯಾಗಿದೆ. ಆದರೆ ಅದರ ಕೆಳಗೆ ಜಾಲ ಸಂಖ್ಯೆ ಸೊನ್ನೆ ಅಂತ ಇನ್ನೊಂದು ನಮೂದು ಕಾಣುತ್ತಿದೆ.

ಒಂಟಿಕೊಪ್ಪಲು:
ರಿಸೀವ್ ಕೊಟ್ಟ ಉದ್ದವನ್ನು ಲೂಪಿಗೆ ಹಾಕಿದ್ದೀರಿ. ಅದರಲ್ಲಿ ಆ ಮೂರು ಸೊನ್ನೆಗಳೂ ಸೇರಿವೆ, ಉಳಿದಿದ್ದು ಸೊನ್ನೆಗಿಂತ ಹೆಚ್ಚು ಅಂತ ಲೂಪ್ ಇನ್ನೊಂದು ಸುತ್ತು ಹೋಗಿ ಪ್ಯಾಕೆಟ್ಟಿನ ಆಚೆಗೂ ಓದುತ್ತಿದೆ. ಐಪಿಎಕ್ಸ್ ಹೆಡರಿನ ಉದ್ದವನ್ನು ತೆಗೆದುಕೊಳ್ಳಿ: 40ರಲ್ಲಿ 30 ಹೆಡರ್, 2 ಆಪರೇಷನ್, ಉಳಿದದ್ದು 8, ಒಂದೇ ನಮೂದು. ಆ ಉದ್ದ 30ಕ್ಕಿಂತ ಕಡಿಮೆ ಇದ್ದರೆ, ಅಥವಾ ನಿಜವಾಗಿ ಬಂದ ಬೈಟುಗಳಿಗಿಂತ ಹೆಚ್ಚಿದ್ದರೆ ಪ್ಯಾಕೆಟ್ ಎಸೆದುಬಿಡಿ.

ಮುಂದೆ ಸರ್ವರಿನ ಹೆಸರು ಕೇಳಲು ಸ್ಯಾಪ್ ಅನ್ನುವ, ಸೇವೆಗಳನ್ನು ಸಾರುವ ಪ್ರೋಟೊಕಾಲಿಗೆ ಹೋಗುತ್ತೀರಿ: ಸಾಕೆಟ್ 0452, ಫೈಲ್ ಸರ್ವರಿನ ಬಗೆ 0004. ಅಲ್ಲಿನ ನಮೂದು 64 ಬೈಟು: ಬಗೆ 2, ಹೆಸರು 48, ಜಾಲ 4, ನೋಡ್ 6, ಸಾಕೆಟ್ 2, ಹಾಪ್ 2. ಜಾಲ ಸಂಖ್ಯೆ 50ನೇ ಆಫ್‌ಸೆಟ್ಟಿಗೆ ಬೀಳುತ್ತದೆ, 50 ನಾಲ್ಕರ ಗುಣಕ ಅಲ್ಲ. ಅದನ್ನೂ 32 ಬಿಟ್ಟಿನ ಅಂಶವಾಗಿ ಬರೆದರೆ ಸೈಜ್‌ಆಫ್ 68 ಬರುತ್ತದೆ. ಅಲ್ಲೂ ಬೈಟ್ ಅರೇ, ಅಲ್ಲೂ ಅಸರ್ಟ್.