ಸಹಾಯ ಬೇಕು: ಮಳೆ ಕೊರೆದ ಸೈಕಲ್ ಹಾದಿಯನ್ನು ಉಳಿಸಿಕೊಳ್ಳುವುದು ಹೇಗೆ?

ಮಾನ್ಯರೇ, ಚಿತ್ರದುರ್ಗದ ನಮ್ಮ ಬಡಾವಣೆಗೆ ಹೊಂದಿಕೊಂಡ ಗುಡ್ಡದ ಉದ್ಯಾನದಲ್ಲಿ ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ಓಡಿಸುವ ಮಣ್ಣಿನ ಹಾದಿಯ ನಡುವೆ ಈ ಬಾರಿಯ ಮಳೆಗೆ ಮೊಣಕಾಲಾಳದ ಕೊರಕಲು ಬಿದ್ದಿದೆ. ಉದ್ಯಾನ ನೋಡಿಕೊಳ್ಳುವವರ ಒಪ್ಪಿಗೆ ಪಡೆದು ಗರಸು ತುಂಬಿ ದಮ್ಮಸು ಮಾಡಿದೆವು. ಮುಂದಿನ ಮಳೆಗೇ ಅದು ಕೊಚ್ಚಿಹೋಗಿ, ಕಲ್ಲಿನ ಚೂಪು ಅಂಚುಗಳು ಮೇಲೆದ್ದು, ಮಕ್ಕಳ ಸೈಕಲ್ಲಿನ ಚಕ್ರ ಸಿಕ್ಕಿಕೊಳ್ಳುವಂತಾಗಿದೆ. ಬಳಿಕ ನೀರನ್ನು ಪಕ್ಕಕ್ಕೆ ತಿರುಗಿಸಲೆಂದು ಹಾದಿಗೆ ಓರೆಯಾಗಿ ಕಲ್ಲು ಹುಗಿದೆವು. ಅದರ ಹಿಂದೆ ಹೂಳು ತುಂಬಿ, ನೀರು ಮೇಲೆಯೇ ಹರಿಯುತ್ತಿದೆ. ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಸರಾಸರಿ ಶೇ. 10ರೊಳಗೆ (ನೂರು ಅಡಿ ದೂರಕ್ಕೆ ಹತ್ತು ಅಡಿ ಏರು) ಇರಬೇಕು ಎನ್ನುತ್ತಾರೆ, ನಮ್ಮದೋ ನೆಟ್ಟಗೆ ಇಳಿಯುತ್ತದೆ. ಗುಡ್ಡವನ್ನು ಸುತ್ತಿಕೊಂಡು ಹೋಗುವ ಹೊಸ ಹಾದಿ ಕಡಿಯಲು ಗಿಡಗಳನ್ನು ಕಳೆಯಬೇಕು, ಅದಕ್ಕೆ ಮನಸ್ಸೊಪ್ಪುತ್ತಿಲ್ಲ. ಇಂಥ ಗರಸು ನೆಲದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಕಲ್ಲಿನ ಬದಲು ಅಗಲವಾದ ಮಣ್ಣಿನ ದಿಬ್ಬಗಳನ್ನು ಕಟ್ಟಿದರೆ ಹಳೆಯ ಹಾದಿ ಉಳಿಯುತ್ತದೆಯೇ, ಅಥವಾ ಅದನ್ನು ಮುಚ್ಚಿ ಹೊಸದನ್ನೇ ಕಡಿಯಬೇಕೇ?